ಭಟ್ಟರನ್ನು ಗೆಲ್ಲಿಸಿದ್ದು

ನಡುರಾತ್ರಿಯಲ್ಲಿ ಅಡಿಗೆಮನೆಯಿಂದ ‘ಪರ್ರ್’ ಎಂದು ಸಣ್ಣ ಸದ್ದೊಂದು ಕೇಳಿಸಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ. ಇಲಿ ಹೀಗೆ ಬಿಡುವು ಕೊಟ್ಟುಕೊಂಡು ಕೆಲಸ ಮಾಡುವುದಿಲ್ಲ. ಕಳ್ಳನೇ ಇರಬೇಕೆಂದು ಪಕ್ಕಕ್ಕೆ ಕೈಚಾಚಿದರೆ ಗಂಡನ ಹಾಸಿಗೆ ಖಾಲಿ. ನನ್ನ ಭಯ ಇಮ್ಮಡಿಯಾಯಿತು. ಇವರೊಬ್ಬರೇ ಕಳ್ಳನನ್ನು ಹಿಡಿಯಲು ಹೋಗಿದ್ದರೆ, ಅವನ ಕೈಗೆ ಬೀಗದಕೈಯನ್ನೂ ಕೊಟ್ಟು, ಮೆಟ್ಟಿಲಲ್ಲಿ ಎಡವಬೇಡವೆಂದು ದೀಪ ಹಿಡಿದು ಕಳಿಸಿಕೊಡುವವರು ಇವರು.

ನಾನು ಪೊರಕೆ ಹಿಡಿದು ಎದ್ದೆ. ಅತ್ತೆ ಅಮ್ಮಣ್ಣಿಯಮ್ಮನವರೂ ಎದ್ದು ಹಿಂದೆ ಬಂದರು. ಅಡಿಗೆಮನೆಯ ಬಾಗಿಲು ತಳ್ಳಿದರೆ ಕಂಡದ್ದು ಇದು. ನನ್ನ ಗಂಡ ಕೃಷ್ಣರಾಜರು ಮಣೆಯ ಮೇಲೆ ಕುಳಿತಿದ್ದಾರೆ. ಎದುರಿಗೆ ಇನ್ನೊಂದು ಮಣೆ. ಅದರ ಮೇಲೆ ಉಪ್ಪಿನಕಾಯಿಯ ಭರಣಿ. ಭರಣಿಗೆ ಐದು ಇಸ್ಪೀಟಿನ ಎಲೆ, ಇವರಿಗೆ ಐದು. ಕಲಸಿದ ಎಲೆಗಳ ಕಟ್ಟನ್ನು ಹೆಬ್ಬೆರಳಿನಿಂದ ‘ಪರ್ರ್’ ಎನ್ನಿಸುತ್ತ, ಭರಣಿಯ ಮುಖವನ್ನೇ ನೋಡುತ್ತ, ಬಹಳ ದುಃಖದ ಮುಖ ಮಾಡಿಕೊಂಡಿದ್ದಾರೆ.

"ಎಂತ ಮಾಡ್ತಾ ಇದ್ದೀರಿ?" ಎಂದೆ.

"ಸೋಲ್ಲಿಕ್ಕೆ ಕಲೀತಾ ಇದ್ದೇನೆ," ಎಂದರು.

"ಅದಕ್ಕೆ ರಾತ್ರಿ ಯಾಕೆ ಎದ್ದು ಕೂತಿ ಮಗ?" ಎಂದರು ಅತ್ತೆ. "ಉಳಿದದ್ದರಲ್ಲೆಲ್ಲ ನಿನಗೆ ಕಲಿಯದೇ ಬರ್ತದಲ್ಲ."

ಅತ್ತೆಯ ಮಾತು ಕಟುವಾದರೂ ಸುಳ್ಳಲ್ಲ. ನನ್ನ ಗಂಡ ಎಗ್ಮೋರಿನ ರೈಲ್ವೆ ಆಫೀಸಿನಲ್ಲಿ ಗುಮಾಸ್ತರು. ಊರಿನವರಿಗೆಲ್ಲ ರೈಲಿನ ವೇಳೆ ಹೇಳಿ, ತಾವು ಹತ್ತಬೇಕಾದ ಬಸ್ಸನ್ನು ಮಾತ್ರ ದಿನಾ ತಪ್ಪಿಸಿಕೊಳ್ಳುತ್ತಿದ್ದರು. ಕೊಡೆ ಕೊಂಡು ಮನೆಗೆ ಬರುವಷ್ಟರಲ್ಲಿ ಅದು ಇನ್ನೊಬ್ಬರ ಕೊಡೆಯಾಗಿರುತ್ತಿತ್ತು. ಆದರೆ ದೇವರು ಯಾರನ್ನೂ ಪೂರ್ತಿ ಬರಿಗೈಯಲ್ಲಿ ಕಳಿಸುವುದಿಲ್ಲವಲ್ಲ. ಇವರಿಗೆ ಪೋಕರ್ ಕೊಟ್ಟಿದ್ದ. ಯುದ್ಧದ ಕಾಲದಲ್ಲಿ ರಾತ್ರಿಪಾಳಿಯ ಆಂಗ್ಲೋ-ಇಂಡಿಯನ್ ಗಾರ್ಡ್ ಒಬ್ಬರು ಈ ಆಟ ಕಲಿಸಿದರಂತೆ. ಕೈಯಲ್ಲಿ ಒಳ್ಳೆಯ ಎಲೆ ಇರಲೇಬೇಕೆಂದಿಲ್ಲ, ಇದೆಯೆಂದು ಎದುರಿನವರು ನಂಬಿದರೆ ಸಾಕು. ಅವರ ಕೈಯಲ್ಲೇನಿದೆಯೆಂದು ಮುಖ ನೋಡಿ ತಿಳಿಯಬೇಕು. ನನ್ನ ಮುಖ ನೋಡಿ ಸಾರಿಗೆ ಬೇಳೆ ಮುಗಿದದ್ದನ್ನು ಒಮ್ಮೆಯೂ ತಿಳಿಯದ ಇವರು, ಆ ಆಟದಲ್ಲಿ ಎದುರಿನವರ ಹುಬ್ಬು ಅಲುಗಿದರೆ ಸಾಕು, ಕೈಯಲ್ಲಿ ಎಷ್ಟು ರಾಜ ಎಷ್ಟು ರಾಣಿ ಎಂದು ಹೇಳಬಲ್ಲವರಾಗಿದ್ದರು.

ನಮ್ಮದು ಮೈಲಾಪುರದ ಕೊಳದ ಹಿಂದಿನ ಬೀದಿ. ಬೀದಿಯ ತುದಿಯಲ್ಲಿ ಪಂಢರಿನಾಥ ರಾಯರ ಹೋಟೆಲು. ಭಾನುವಾರ ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿಗೆ ಒಲೆ ಹೊತ್ತಿಸುವವರೆಗೆ ಹೋಟೆಲಿನ ಮಹಡಿಯಲ್ಲಿ, ಕೆಲಸದವರು ಮಲಗುವ ಕೋಣೆಯಲ್ಲಿ, ಆಟ ನಡೆಯುತ್ತಿತ್ತು. ಅಡಿಗೆಯವರು, ಬಡಿಸುವವರು, ಎಲ್ಲ ನಮ್ಮ ಕರಾವಳಿಯವರೇ. ಇವರು ಅಲ್ಲಿಗೆ ಹೋಗುತ್ತಿದ್ದದ್ದು ಊರಿನ ಮಾತು ಕೇಳಲಿಕ್ಕೆ. ಅಲ್ಲಿದ್ದವರಿಗೆ ಪೋಕರ್ ಕಲಿಸಿದವರೂ ಇವರೇ. ಕಲಿಸಿದ ಮೇಲೆ ವಾರ ವಾರ ಅವರನ್ನು ಗೆದ್ದವರೂ ಇವರೇ.

ಗೆದ್ದ ಕಾಸನ್ನು ಮನೆಗೆ ಬಳಸಲು ಅತ್ತೆ ಬಿಡಲಿಲ್ಲ. ಅರಸಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿಸಿ ದೇವರ ಗೂಡಿನಲ್ಲಿಟ್ಟರು. "ಮಂಜುನಾಥ ಸ್ವಾಮಿಗೆ ಹೋಗುವ ಹಣಕ್ಕೆ ದೋಷ ಇಲ್ಲ," ಎಂದು ತೀರ್ಪು ಕೊಟ್ಟರು. ವರ್ಷಕ್ಕೊಮ್ಮೆ ಪಂಢರಿನಾಥರು ಊರಿಗೆ ಹೋಗುವಾಗ ಮುಡಿಪು ಧರ್ಮಸ್ಥಳಕ್ಕೆ ಹೋಗುತ್ತಿತ್ತು. ದೋಷವೂ ಜೊತೆಗೇ ಹೋಗುತ್ತದೆಂದು ನಾವು ನಂಬಿದ್ದೆವು.

ಆ ಮುಡಿಪಿಗೆ ಎಲ್ಲರಿಗಿಂತ ಹೆಚ್ಚು ಕಾಣಿಕೆ ಸಲ್ಲಿಸಿದವರು ಸೀತಾರಾಮ ಭಟ್ಟರು. ಹೋಟೆಲಿನ ಮುಖ್ಯ ಅಡಿಗೆಯವರು. ಅವರ ಸಾಂಬಾರಿಗಾಗಿ ಹೈಕೋರ್ಟಿನ ವಕೀಲರು ಕಾರಿನಲ್ಲಿ ಬರುತ್ತಿದ್ದರು. ಆದರೆ ಪೋಕರಿನಲ್ಲಿ ಅವರಷ್ಟು ಪ್ರಾಮಾಣಿಕರು ಬೇರೆ ಯಾರೂ ಇರಲಿಲ್ಲ. ಒಳ್ಳೆಯ ಎಲೆ ಬಂದರೆ ಹೆಗಲ ಮೇಲಿನ ಬೈರಾಸು ವಸ್ತ್ರದ ತುದಿಯಿಂದ ಕಿವಿ ಒರೆಸಿಕೊಳ್ಳುತ್ತಿದ್ದರು. ಕೆಟ್ಟ ಎಲೆ ಬಂದರೆ ಮೆಲ್ಲಗೆ ಗುನುಗುತ್ತಿದ್ದರು. ಸಾಧಾರಣ ಎಲೆ ಬಂದರೆ, "ಈಗ ಎಂತ ಮಾಡುವುದಪ್ಪ?" ಎಂದು ಬಾಯಿಬಿಟ್ಟೇ ಕೇಳುತ್ತಿದ್ದರು.

ಭಟ್ಟರ ಹೆಂಡತಿ ಗುಣವತಿ ಉಡುಪಿಯಾಚೆಯ ಹಳ್ಳಿಯಲ್ಲಿ, ತನ್ನ ಅತ್ತೆಯ ಜೊತೆಗೆ. ಮದುವೆಯಾದ ಮೇಲೆ ಗಂಡ ಹೆಂಡತಿ ಒಂದೇ ಸೂರಿನಡಿ ಕಳೆದ ದಿನಗಳನ್ನೆಲ್ಲ ಸೇರಿಸಿದರೂ ಒಂದು ವರ್ಷ ತುಂಬುತ್ತಿರಲಿಲ್ಲ. ಹೋಟೆಲಿನವರ ಸಂಸಾರವೆಂದರೆ ಆಗ ಹಾಗೆಯೇ. ಭಟ್ಟರು ತಮ್ಮ ಸಂಬಳದಲ್ಲಿ ಉಳಿಸಿದ್ದನ್ನೆಲ್ಲ ಪಂಢರಿನಾಥರ ಬಳಿಯೇ ಇಟ್ಟಿದ್ದರು. ಅವರು ತೆರೆಯಲಿದ್ದ ಹೊಸ ಹೋಟೆಲಿನಲ್ಲಿ ಭಟ್ಟರಿಗೆ ಕಾಲು ಪಾಲು. ಪಾಲುದಾರನಾದರೆ ಹಿಂಭಾಗದಲ್ಲಿ ಒಂದು ಕೋಣೆ, ಕೋಣೆ ಸಿಕ್ಕಿದರೆ ಗುಣವತಿ. ಭಟ್ಟರು ನಮ್ಮ ಮನೆಗೆ ಬಂದಾಗಲೆಲ್ಲ ನನ್ನನ್ನು ಕೇಳುತ್ತಿದ್ದರು.

"ವಿಮಲಕ್ಕ, ತಮಿಳು ಬಾರದವರಿಗೆ ಇಲ್ಲಿ ತರಕಾರಿ ತರ್ಲಿಕ್ಕೆ ಆಗ್ತದಾ?"

"ಕೈಸನ್ನೆ ಸಾಕು ಭಟ್ರೇ."

"ಹಾಗಾದರೆ ಆಯ್ತು. ಅವಳ ಕೈ ಮಾತಾಡ್ತದೆ," ಎಂದು ತಾವೇ ನಾಚಿಕೊಳ್ಳುತ್ತಿದ್ದರು.

ಎಲ್ಲ ಕೆಟ್ಟದ್ದು ಒಂದು ರೈಲಿನ ಟಿಕೇಟಿನಿಂದ. ಆ ವರ್ಷ ಭಟ್ಟರು ಊರಿಗೆ ಹೋಗುವ ವರ್ಷ. ಟಿಕೇಟು ಮಾಡಿಸಿಕೊಡುತ್ತೇನೆಂದು ಇವರು ಕೇಳಿದರೆ, "ರಜೆ ಸಿಕ್ಕಲಿಲ್ಲ ರಾಯರೇ," ಎಂದುಬಿಟ್ಟರು. ಇವರು ಪರೋಪಕಾರಿಯಾಗಿ ರಜೆ ಕೊಡಿಸಲು ಪಂಢರಿನಾಥರ ಗಲ್ಲಾದ ಮುಂದೆ ನಿಂತರು.

"ರಜೆ ನಾನು ಕೊಟ್ಟಿದ್ದೇನೆ ಮಾರಾಯ್ರೆ," ಎಂದರು ಪಂಢರಿನಾಥರು. "ಅವನೇ ಬೇಡ ಅಂದ. ಪಾಲಿನ ಹಣ ಅವನು ಮುಟ್ಟುವುದಿಲ್ಲ, ಕೈಖರ್ಚಿನದ್ದು ನಿಮ್ಮ ಆಟದಲ್ಲಿ ಹೋಯಿತು. ಬರಿಗೈಯಲ್ಲಿ ಊರಿಗೆ ಹೋಗುವುದು ಹೇಗೆ?"

ಅಂದು ಇವರು ಬಸ್ಸು ತಪ್ಪಿಸಿಕೊಳ್ಳಲಿಲ್ಲ. ಬಸ್ಸನ್ನೇ ಮರೆತು ನಡೆದುಕೊಂಡು ಬಂದರು.

"ವಿಮಲಾ, ನಾನು ಅವರ ಎಲೆಯನ್ನು ಗೆಲ್ತಾ ಇಲ್ಲ. ಅವರ ಮುಖ ಓದ್ತಾ ಇದ್ದೇನೆ. ಬೇರೆಯವರ ಕಾಗದ ಒಡೆದು ಓದಿದ ಹಾಗೆ ಅಲ್ಲವಾ ಇದು?"

"ಹಾಗಾದರೆ ಹಣ ವಾಪಸು ಕೊಡಿ."

ಹಣವಿದ್ದರಲ್ಲವೇ ಕೊಡುವುದು? ಹಿಂದಿನ ತಿಂಗಳಷ್ಟೇ ಮುಡಿಪು ಧರ್ಮಸ್ಥಳಕ್ಕೆ ತಲುಪಿತ್ತು. ದೇವರ ಹತ್ತಿರ ವಾಪಸು ಕೇಳುವ ಪದ್ಧತಿಯಿಲ್ಲ. ಸಂಬಳದಿಂದ ತೆಗೆದು ಕೊಡಲು ಹೋದರೆ ಭಟ್ಟರು ಕೆಂಡವಾದರು. "ನಾನೆಂತ ಭಿಕ್ಷೆಗೆ ಬಂದವನಾ ರಾಯರೇ? ಸೋತದ್ದು ಸೋತದ್ದು. ಬೇಕಾದರೆ ಗೆದ್ದೇ ತೆಗೊಳ್ತೇನೆ."

"ಆಟವನ್ನೇ ಬಿಟ್ಟುಬಿಡಿ," ಎಂದೆ.

"ನಾನು ಬಿಟ್ಟರೆ ಅವರು ಬೇರೆಯವರ ಹತ್ರ ಸೋಲ್ತಾರೆ," ಎಂದರು. ತಮ್ಮ ಹತ್ತಿರ ಸೋಲುವುದರಲ್ಲಿ ಭಟ್ಟರಿಗೆ ಏನೋ ಒಂದು ಕ್ಷೇಮವಿದೆ ಎನ್ನುವ ಹಾಗೆ.

ಹೀಗೆ, ಗೆದ್ದದ್ದೆಲ್ಲ ದೇವರಿಗೆ, ಸೋಲುವುದೆಲ್ಲ ನಮ್ಮ ಸಂಬಳದಿಂದ ಎಂಬ ವಿಚಿತ್ರ ವ್ಯವಸ್ಥೆ ನಮ್ಮ ಮನೆಯಲ್ಲಿ ಜಾರಿಗೆ ಬಂತು. ಅದರ ಮೊದಲ ಅಭ್ಯಾಸವೇ ಆ ರಾತ್ರಿ ಉಪ್ಪಿನಕಾಯಿ ಭರಣಿಯೊಡನೆ ನಡೆದದ್ದು. ಭರಣಿ ಗೆದ್ದಿತ್ತು.

ಸೋಲುವುದು ಸುಲಭವಲ್ಲವಂತೆ. ಒಳ್ಳೆಯ ಎಲೆಯನ್ನು ಮಗುಚಿಟ್ಟು ಏಳಬೇಕಂತೆ. ಇವರು ಕೆಟ್ಟ ಎಲೆ ಹಿಡಿದು ಪಣ ಏರಿಸಿದರು. ಭಟ್ಟರು ಗುನುಗಿದಾಗ ಹೆದರಿದಂತೆ ನಟಿಸಿ ಎದ್ದರು. ಬೈರಾಸು ಕಿವಿಗೆ ಹೋದಾಗ ಇದ್ದಬದ್ದದ್ದನ್ನೆಲ್ಲ ಮುಂದಿಟ್ಟರು. ವಾರಗಳು ಕಳೆದ ಹಾಗೆ ಭಟ್ಟರು ಗೆಲ್ಲತೊಡಗಿದರು.

ಗೆದ್ದವರು ಬದಲಾಗುತ್ತಾರೆ. ಭಟ್ಟರು ಕೈಗಡಿಯಾರ ಕೊಂಡರು. ಆಮೇಲೆ ಬುದ್ಧಿ ಹೇಳಲು ಆರಂಭಿಸಿದರು. ಒಂದು ದಿನ ನಮ್ಮ ಮನೆಗೇ ಬಂದು, ಚಾಪೆಯ ಮೇಲೆ ಕೂತು, ನನ್ನೆದುರಿಗೇ ಇವರಿಗೆ ಪಾಠ ಮಾಡಿದರು.

"ರಾಯರೇ, ತಪ್ಪು ತಿಳ್ಕೊಳ್ಳಬೇಡಿ. ನಿಮ್ಮ ಮುಖ ಎಲ್ಲ ಹೇಳಿಬಿಡ್ತದೆ. ಎಲೆ ಕೆಟ್ಟದಾದರೆ ತುಟಿ ಹೀಗೆ ಆಗ್ತದೆ. ನಾನು ನೋಡಿದ ಕೂಡಲೇ ಹಿಡಿದುಬಿಡ್ತೇನೆ."

"ಹೌದಾ ಭಟ್ರೇ?" ಎಂದರು ಇವರು. ಅದು ತಿಂಗಳುಗಟ್ಟಲೆ ಭರಣಿಯ ಮುಂದೆ ಕೂತು ಕಲಿತ ತುಟಿ.

"ಆಟಕ್ಕೆ ಒಂದು ಗುಂಡಿಗೆ ಬೇಕು ನೋಡಿ. ಅದು ಹುಟ್ಟಿನಿಂದ ಬರಬೇಕು," ಎಂದು ಭಟ್ಟರು ಸಮಾಧಾನ ಹೇಳಿ, ನಾನು ಕೊಟ್ಟ ಕಾಫಿ ಕುಡಿದು ಹೋದರು. ಕಾಫಿಯಲ್ಲಿ ಹಾಲು ಕಡಿಮೆಯಿದ್ದದ್ದು ಅವರ ಗಮನಕ್ಕೆ ಬರಲಿಲ್ಲ.

ಹೋಟೆಲಿನಲ್ಲೂ ಕೋಲಾಹಲ. ಭಟ್ಟರು ಒಲೆಯ ಮುಂದೆ ನಿಂತೇ ಮನಸ್ಸಿನಲ್ಲಿ ಎಲೆ ಹಂಚುತ್ತಿದ್ದರಂತೆ. ಸಾಂಬಾರಿಗೆ ಒಂದು ದಿನ ಉಪ್ಪೇ ಇಲ್ಲ, ಮರುದಿನ ಉಪ್ಪೇ ಎಲ್ಲ. ವಕೀಲರ ಕಾರು ಬರುವುದು ನಿಂತಿತು. ಪಂಢರಿನಾಥರು ನಮ್ಮ ಮೆಟ್ಟಿಲು ಹತ್ತಿ ಬಂದು ಕೈಮುಗಿದರು.

"ರಾಯರೇ, ಒಂದು ಭಾನುವಾರ ಗೆದ್ದುಬಿಡಿ ಮಾರಾಯ್ರೆ. ಅವನ ತಲೆ ಸ್ವಲ್ಪ ಕೆಳಗೆ ಇಳಿಯಲಿ. ನನ್ನ ಸಾಂಬಾರು ಉಳೀಲಿ."

"ನನ್ನಿಂದ ಆಗುವುದಿಲ್ಲ," ಎಂದರು ಇವರು, ನೆಲ ನೋಡುತ್ತ.

"ಅಷ್ಟೂ ಬಿದ್ದುಹೋದಿರಾ?" ಎಂದು ಪಂಢರಿನಾಥರು ಕನಿಕರದಿಂದ ಇಳಿದು ಹೋದರು.

ನಮ್ಮ ಮನೆಯ ಕೆಳಭಾಗದಲ್ಲಿ ದಾವಣಗೆರೆ ಕಡೆಯ ಪರಮೇಶ್ವರಪ್ಪನವರ ಸಂಸಾರ. ಅವರಿಗೆ ದೊಡ್ಡ ಬಟ್ಟೆ ಅಂಗಡಿ. ಹೆಂಡತಿ ನೀಲಗಂಗಮ್ಮನಿಗೆ ನಮ್ಮ ಮನೆಯ ಪೇಪರ್ ಓದುವ ರೂಢಿ. ನಾವು ಖರ್ಚು ಕಡಿಮೆ ಮಾಡಲು ಪೇಪರ್ ನಿಲ್ಲಿಸಿದ ವಾರವೇ ಆಕೆ ಮೇಲೆ ಬಂದರು.

"ಏನವ್ವಾ ವಿಮಲಾ, ಪೇಪರ್ ಯಾಕ ಬಂದಿಲ್ಲ?"

"ನಿಲ್ಲಿಸಿದ್ದೇವೆ."

"ಹಾಲೂ ಕಡಿಮಿ ಮಾಡೀರಂತ ಹಾಲಿನವ ಹೇಳಿದ." ಆಕೆ ದನಿ ತಗ್ಗಿಸಿದರು. "ಕುದುರಿ ಜೂಜಿಗೆ ಹೊಂಟಾರೇನು ನಿಮ್ಮನಿಯವರು? ನನ್ನ ಮುಂದ ಹೇಳು, ಯಾರ ಮುಂದೂ ಆಡಂಗಿಲ್ಲ."

ನಾನು ಇಲ್ಲವೆಂದೆ. ಇಲ್ಲವೆಂದದ್ದರಿಂದ ಆಕೆಗೆ ಖಾತ್ರಿಯಾಯಿತು. ಸಂಜೆಯೊಳಗೆ ಬೀದಿಗೆಲ್ಲ ಖಾತ್ರಿಯಾಯಿತು. ರಾತ್ರಿ ಊಟದ ಹೊತ್ತಿಗೆ ಪರಮೇಶ್ವರಪ್ಪನವರು ಬಂದು, ಕುದುರೆ ಹಾಳುಮಾಡಿದ ಮನೆತನಗಳ ಚರಿತ್ರೆಯನ್ನು ಇವರಿಗೆ ಕ್ರಮವಾಗಿ ಹೇಳಿದರು. ಇವರಿಗೆ ಸುಳ್ಳು ಹೇಳಲು ಬಾರದು. ನಿಜ ಹೇಳುವಂತಿಲ್ಲ.

"ಕುದುರೆ ಅಲ್ಲ," ಎಂದರು. "ಭಟ್ರು."

"ಯಾವ ಭಟ್ರು?"

"ಹೋಟೆಲಿನ ಭಟ್ರು. ಪೋಕರಿನಲ್ಲಿ ವಾರ ವಾರ ಅವರ ಹತ್ರ ಸೋಲ್ತೇನೆ."

ಪರಮೇಶ್ವರಪ್ಪನವರ ಮುಖವೇ ಬದಲಾಯಿತು. ಅವರು ವ್ಯಾಪಾರಿಗಳ ಒಂದು ಕ್ಲಬ್ಬಿನಲ್ಲಿ ಪೋಕರ್ ಆಡುವವರು. ಒಮ್ಮೆ ಮಳೆ ಹಿಡಿದ ದಿನ ಇವರೊಡನೆ ಆಡಿ, ಬೆವರು ಒರೆಸಿಕೊಂಡು ಎದ್ದಿದ್ದರು. "ನಿಮ್ಮನ್ನ ಸೋಲಿಸ್ತಾನ? ಆ ಅಡಿಗಿ ಮಾಡಾವ? ನಾ ನೋಡಬೇಕಲ್ಲ ಅವನ್ನ!"

ಮುಂದಿನ ಭಾನುವಾರ ಅವರು ಹೋಟೆಲಿನ ಮಹಡಿಗೆ ಹೋಗಿ ಕೂತು ನೋಡಿದರು. ಭಟ್ಟರು ಅಂದು ಮೂರು ಸಲ ಕಿವಿ ಒರೆಸಿಕೊಂಡರಂತೆ, ಮೂರು ಸಲವೂ ಗೆದ್ದರಂತೆ. ಆ ಬೈರಾಸು ಪರಮೇಶ್ವರಪ್ಪನವರ ಕಣ್ಣಿಗೆ ಬಿತ್ತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅವರು ಭಟ್ಟರ ಬೆನ್ನು ತಟ್ಟಿ, "ನೀವು ಇಲ್ಲಿ ಇರಾವ್ರಲ್ಲ. ನಮ್ಮ ಕ್ಲಬ್ಬಿಗೆ ಬರ್ರಿ," ಎಂದರು.

ಭಟ್ಟರು ಈ ಸಂತೋಷವನ್ನು ಹೇಳಲು ತಾವೇ ಮಾಡಿದ ಮೈಸೂರುಪಾಕು ಕಟ್ಟಿಕೊಂಡು ಬಂದರು.

"ಶನಿವಾರ ಕ್ಲಬ್ಬು ರಾಯರೇ. ಯಜಮಾನರ ಹತ್ರ ಇದ್ದ ಹಣ ಕೇಳಿ ತೆಗೊಂಡೆ. ಕಾಲು ಪಾಲು ಯಾಕೆ, ಅರ್ಧ ಪಾಲೇ ಆಗ್ತದೆ. ಗುಣವತಿಗೆ ಬರ್ಲಿಕ್ಕೆ ಹೇಳಿ ಕಳಿಸಿದ್ದೇನೆ. ಸೋಮವಾರದ ಮೇಲ್ ರೈಲಿನಲ್ಲಿ ಬರ್ತಾಳೆ."

ಇವರು ಮೈಸೂರುಪಾಕನ್ನು ಕೆಳಗಿಟ್ಟರು. ಇನ್ನು ಮುಚ್ಚಿಡುವಂತಿರಲಿಲ್ಲ.

"ಭಟ್ರೇ, ನೀವು ಗೆದ್ದದ್ದಲ್ಲ. ನಾನು ಬೇಕೂಂತ ಸೋತದ್ದು."

ಭಟ್ಟರು ನಕ್ಕರು. ಇವರು ರೈಲಿನ ಟಿಕೇಟಿನಿಂದ ಹಿಡಿದು ಭರಣಿಯವರೆಗೆ ಎಲ್ಲ ಹೇಳಿದರು. ಗುನುಗುವುದನ್ನು ಹೇಳಿದರು. ಬೈರಾಸನ್ನು ಹೇಳಿದರು. ಹೇಳಿದಷ್ಟೂ ಭಟ್ಟರ ಮುಖ ಬಿಗಿಯಿತು.

"ಹೊಟ್ಟೆಕಿಚ್ಚು ಎಲ್ಲರಿಗೂ ಉಂಟು ರಾಯರೇ. ಆದರೆ ನಿಮಗೆ ಉಂಟೂಂತ ನಾನು ಎಣಿಸಿರಲಿಲ್ಲ."

"ಈಗಲೇ ಕೂರಿ. ಆಡಿ ತೋರಿಸ್ತೇನೆ."

"ಶನಿವಾರದವರೆಗೆ ನಾನು ಎಲೆ ಮುಟ್ಟುವುದಿಲ್ಲ. ಕೈಯ ಅದೃಷ್ಟ ಖರ್ಚಾಗ್ತದೆ." ಭಟ್ಟರು ಎದ್ದು ನಿಂತರು. ಹೋಗಲಿಲ್ಲ. "ಮಂಜುನಾಥನ ಮೇಲೆ ಆಣೆ ಹಾಕಿ ಹೇಳ್ತೀರಾ? ನನ್ನ ಹತ್ರ ಸೋತ ಆಟ ಎಲ್ಲ ಬೇಕೂಂತಲೇ ಸೋತದ್ದು ಅಂತ? ಹೇಳಿ. ನಾಳೆಯೇ ಹಣ ಯಜಮಾನರಿಗೆ ವಾಪಸು ಕೊಡ್ತೇನೆ."

ನಮ್ಮ ಕಡೆಯವರಿಗೆ ಆ ಆಣೆ ಎಂದರೆ ಏನೆಂದು ಹೇಳಬೇಕಾಗಿಲ್ಲ. ಕೋರ್ಟಿನಲ್ಲಿ ಗೀತೆ ಮುಟ್ಟಿ ಸರಾಗವಾಗಿ ಸುಳ್ಳು ಹೇಳಿ ಬಂದವರು ಮಂಜುನಾಥನ ಹೆಸರು ಬಂದರೆ ಗದ್ದೆಯನ್ನೇ ಬಿಟ್ಟುಕೊಡುತ್ತಾರೆ. ಅತ್ತೆ ಒಳಗಿನಿಂದ ಓಡಿ ಬಂದರು. "ಮಗಾ, ಆ ಹೆಸರು ತೆಗೆದ ಮೇಲೆ ಒಂದಕ್ಷರ ಆಚೀಚೆ ಆಗಬಾರದು!"

ಇವರು ಕೈಯೆತ್ತಿದರು. ನಾನು ಉಸಿರು ಬಿಟ್ಟೆ. ಎತ್ತಿದ ಕೈ ಅಲ್ಲಿಯೇ ನಿಂತಿತು.

"ಎಲ್ಲ ಆಟ ಅಂತ ಹೇಳಬೇಕಾ?" ಎಂದರು.

"ಎಲ್ಲ."

"ಒಂದು ಆಟ ಬಿಟ್ಟು ಅಂತ ಹೇಳಬಹುದಾ?"

"ಯಾವ ಆಟ?" ಎಂದರು ಭಟ್ಟರು.

"ಆವತ್ತು ನನ್ನ ಹತ್ರ ಮೂರು ರಾಣಿ ಇತ್ತು. ಸೋಲಬೇಕು ಅನ್ನುವುದು ಮರೆತೇ ಹೋಯ್ತು. ಗೆಲ್ಲಲಿಕ್ಕೇ ಆಡಿದೆ. ನಿಮ್ಮ ಹತ್ರ ಮೂರು ರಾಜ. ನಿಮ್ಮ ಬೈರಾಸು ಒಗೀಲಿಕ್ಕೆ ಹೋಗಿತ್ತು, ನನ್ನ ಕಣ್ಣೂ ರಾಣಿಗಳ ಮೇಲೆಯೇ ಇತ್ತು, ನನಗೆ ಗೊತ್ತಾಗಲಿಲ್ಲ. ಅದೊಂದು ನಿಜವಾಗಿ ಸೋತದ್ದು."

ಭಟ್ಟರ ಮುಖ ದೀಪ ಹಚ್ಚಿದ ಹಾಗೆ ಬೆಳಗಿತು. "ನೋಡಿದಿರಾ ವಿಮಲಕ್ಕ! ಒಂದು ನಿಜ ಅಂತ ಒಪ್ಪಿದರು. ಒಂದು ನಿಜವಾದರೆ ಉಳಿದದ್ದು ಯಾಕೆ ಸುಳ್ಳಾಗಬೇಕು?"

ಲೋಕದಲ್ಲಿ ಎಷ್ಟೋ ಜನ ಸುಳ್ಳು ಹೇಳಿ ಇನ್ನೊಬ್ಬರ ಮನೆ ಮುರಿಯುತ್ತಾರೆ. ನನ್ನ ಗಂಡನಿಗೆ ಅದಕ್ಕೂ ಸುಳ್ಳು ಬೇಕಾಗಲಿಲ್ಲ.

ಭಟ್ಟರು ದೊಡ್ಡ ಮನಸ್ಸು ಮಾಡಿ ಇವರನ್ನು ಕ್ಷಮಿಸಿದರು. ಅಷ್ಟೇ ಅಲ್ಲ, ಕ್ಲಬ್ಬಿಗೆ ಬೈರಾಸು ಹಾಕಿಕೊಂಡು ಹೋಗುವುದು ಹೇಗಿದ್ದರೂ ಸರಿಯಲ್ಲವಲ್ಲ ಎಂದು, ಇವರ ಮದುವೆಯ ಕೋಟನ್ನು ಕೇಳಿ ತೆಗೆದುಕೊಂಡರು. ಇವರು ಅದಕ್ಕೆ ಇಸ್ತ್ರಿಯನ್ನೂ ಮಾಡಿಸಿಕೊಟ್ಟರು.

ಭಾನುವಾರ ಬೆಳಗ್ಗೆ ಪರಮೇಶ್ವರಪ್ಪನವರು ಕೋಟನ್ನು ತೋಳಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿ ಬಂದರು.

"ಇದು ನಿಮ್ಮದಂತ. ಆ ಮನುಷ್ಯ ಕ್ಲಬ್ಬಿನಾಗ ಕುರ್ಚಿ ಮ್ಯಾಲೆ ಬಿಟ್ಟು ಹೋದ."

"ಏನಾಯಿತು?" ಎಂದೆ.

"ಏನಾಗ್ತೈತಿ? ಹೆಗಲ ಮ್ಯಾಲೆ ಏನೂ ಇಲ್ಲ, ಆದ್ರೂ ಕೈ ಹೆಗಲಿಗೇ ಹೋಗ್ತಿತ್ತು. ಮೊದಲು ನಕ್ರು ಎಲ್ಲಾರೂ. ಆಮ್ಯಾಲೆ ಕೈ ಹೋದಾಗೆಲ್ಲ ಎಲೆ ಮಗುಚಿಟ್ರು. ಗುನುಗಿದಾಗ ಪಣ ಏರಿಸಿದ್ರು. ಊಟದ ಹೊತ್ತಿಗೆ ಮುಗದು ಹೋತು."

"ನೀವು ನಿಲ್ಲಿಸಬಾರದಿತ್ತಾ?" ಎಂದರು ಇವರು.

"ನಾ ಹೆಂಗ ನಿಲ್ಲಿಸ್ಲಿ ರಾಯರ? ಬಟ್ಟಿ ಗುರುತಿಲ್ಲದಾವ್ರು ನನ್ನ ಅಂಗಡಿಗೆ ಬರ್ತಾರ. ನಿಮಗ ಗುರುತಿಲ್ಲ, ಹೋಗ್ರಿ ಅಂತ ಕಳಿಸ್ತೀನೇನು? ಬೆಲೆ ಹೇಳ್ತೀನಿ, ಕೊಟ್ಟು ಒಯ್ತಾರ." ಅವರು ಕೋಟನ್ನು ಕುರ್ಚಿಯ ಮೇಲೆ ಜೋಪಾನವಾಗಿ ಹಾಕಿದರು. "ನೀವೂ ಇಷ್ಟು ವರ್ಷ ಅವನ ಹತ್ರ ಗೆದ್ದಾವ್ರೇ ಅಲ್ಲೇನು?"

ಅಂದು ಇವರು ಊಟ ಮಾಡಲಿಲ್ಲ. ಹೊಸ ಹೋಟೆಲಿಗೆ ಮುಂಗಡ ಕಟ್ಟುವ ದಿನ ಹತ್ತಿರವಾಗಿದ್ದರಿಂದ ಪಂಢರಿನಾಥರು ಆ ಕಾಲು ಪಾಲನ್ನು ತಮ್ಮ ಭಾವಮೈದುನನಿಗೆ ಕೊಟ್ಟರು. ಹಿಂಭಾಗದ ಕೋಣೆಯೂ ಅವನಿಗೇ ಹೋಯಿತು.

ಗುಣವತಿ ಆಗಲೇ ರೈಲಿನಲ್ಲಿದ್ದಳು.

ಅವಳನ್ನು ನಮ್ಮ ಮನೆಯಲ್ಲೇ ಇಳಿಸಿಕೊಂಡೆವು. ಹೋಟೆಲಿನ ಮಹಡಿಯಲ್ಲಿ ಹೆಂಗಸರಿಗೆ ಜಾಗವಿಲ್ಲ. ತೆಳ್ಳಗಿನ, ಚುರುಕು ಕಣ್ಣಿನ ಹೆಂಗಸು. ಹಪ್ಪಳ, ಕೊಬ್ಬರಿ ಎಣ್ಣೆ, ಒಂದು ಕಲ್ಲಿನ ಮರಿಗೆ ಪಾತ್ರೆ, ದೋಸೆಯ ಕಾವಲಿ, ಎಲ್ಲ ಗೋಣಿಯಲ್ಲಿ ಕಟ್ಟಿ ತಂದಿದ್ದಳು. ಬರುವಾಗಲೇ ತಮಿಳಿನಲ್ಲಿ ಬೆಂಡೆಕಾಯಿಗೂ ಬದನೆಗೂ ಏನೆನ್ನುತ್ತಾರೆಂದು ರೈಲಿನಲ್ಲಿ ಯಾರನ್ನೋ ಕೇಳಿ ಕಲಿತಿದ್ದಳು. ಭಟ್ಟರು ಬಂದು ಚಾಪೆಯ ತುದಿಯಲ್ಲಿ ಕೂತರು. ನಡೆದದ್ದನ್ನು ಹೇಳಲಿಲ್ಲ. ಅವಳು, "ಕೋಣೆ ನೋಡ್ಲಿಕ್ಕೆ ಯಾವಾಗ ಹೋಗುವುದು?" ಎಂದು ಕೇಳಿದಳು. "ಸುಣ್ಣ ಬಳೀತಾ ಇದ್ದಾರೆ," ಎಂದರು. ಮರುದಿನವೂ ಸುಣ್ಣವೇ ಬಳಿಯುತ್ತಿದ್ದರು.

ಅವಳಿಗೆ ಹೇಳುವವರು ಯಾರು ಎಂದು ನಮ್ಮ ಮನೆಯಲ್ಲಿ ಪಿಸುಮಾತಿನ ಸಭೆ ನಡೆಯಿತು. ಅತ್ತೆ ನನ್ನನ್ನು ತೋರಿಸಿದರು, ನಾನು ಇವರನ್ನು ತೋರಿಸಿದೆ, ಇವರು ಆಫೀಸಿಗೆ ಹೋದರು. ಸಭೆ ತೀರ್ಮಾನಕ್ಕೆ ಬರುವ ಮೊದಲೇ ನೀಲಗಂಗಮ್ಮ ಒಂದು ತಟ್ಟೆ ಹೋಳಿಗೆ ಹಿಡಿದು, ಕಣ್ಣಲ್ಲಿ ನಿಜವಾದ ನೀರು ತುಂಬಿಕೊಂಡು ಮೇಲೆ ಬಂದರು. ಗುಣವತಿಯ ಕೈ ಹಿಡಿದರು.

"ಪಾಪ, ಎಲ್ಲಾ ಹೋತಲ್ಲವ್ವಾ! ಕೂಡಿಸಿಟ್ಟಿದ್ದು ಒಂದೇ ಹೊತ್ತಿನಾಗ ಇಸ್ಪೀಟಿಗೆ ಹೋತಲ್ಲ! ನಾ ನಮ್ಮನಿಯವರಿಗೆ ಎಷ್ಟು ಬೈದೆ ಗೊತ್ತೇನು?"

ಗುಣವತಿ ತಟ್ಟೆ ತೆಗೆದುಕೊಂಡಳು. "ಕೂರಿ ಅಮ್ಮ," ಎಂದಳು. ನೀಲಗಂಗಮ್ಮ ಕೂತು ಇನ್ನಷ್ಟು ಹೇಳಿ ಕಣ್ಣೊರೆಸಿಕೊಂಡು ಇಳಿದು ಹೋದರು.

"ಆ ಅಮ್ಮ ಹೇಳಿದ್ದು ನಿಜವಾ ವಿಮಲಕ್ಕ?"

ನಾನು ಹೌದೆಂದೆ. ಅವಳು ಹೋಳಿಗೆಯನ್ನು ಡಬ್ಬಿಗೆ ಹಾಕಿ, ತಟ್ಟೆ ತೊಳೆದು, ಒರೆಸಿ, ಕೆಳಗೆ ಕೊಟ್ಟು ಬಂದಳು.

ಅಂದು ಸಂಜೆ ಭಟ್ಟರು ಬಂದಾಗ ನಮ್ಮ ಮನೆಯಲ್ಲಿ ಬೇರೆಯೇ ಒಬ್ಬ ಗುಣವತಿ ಇದ್ದಳು.

"ಎಂತ ಊರು ಮಾರಾಯ್ರೆ ಇದು! ನೀರು ಕುಡಿದರೆ ಉಪ್ಪು, ಉಸಿರು ತೆಗೆದರೆ ಸೊಳ್ಳೆ! ಮೈಗೆ ಬೆಂಕಿ ಹಚ್ಚಿದ ಹಾಗೆ ಸೆಖೆ. ಜನ ಮಾತಾಡಿದರೆ ಜಗಳ ಆಡಿದ ಹಾಗೆ ಕೇಳ್ತದೆ. ಇಲ್ಲಿ ಮನುಷ್ಯರು ಇರ್ತಾರಾ?"

ಭಟ್ಟರು ಬೆರಗಾಗಿ ನೋಡಿದರು. "ಅಭ್ಯಾಸ ಆಗ್ತದೆ," ಎಂದರು ಮೆಲ್ಲಗೆ.

"ನನಗೆ ಅಭ್ಯಾಸ ಬೇಡ. ನಿಮ್ಮ ಪಾಲೂ ಬೇಡ, ಕೋಣೆಯೂ ಬೇಡ. ನಿಮ್ಮ ಯಜಮಾನರಿಗೆ ಹೇಳಿಬಿಡಿ, ಬೇರೆ ಯಾರಿಗಾದರೂ ಕೊಡಲಿ ಅಂತ. ನನ್ನನ್ನು ಊರಿನ ರೈಲು ಹತ್ತಿಸಿ."

ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. ಅತ್ತೆ ಕಿವಿ ಮುಚ್ಚಿಕೊಂಡರು. ಕೆಳಗಿನಿಂದ ನೀಲಗಂಗಮ್ಮ, "ಹಿಂತಾ ಹೆಣ್ಣುಮಗಳಿಗೆ ನಾ ಹೋಳಿಗಿ ಕೊಟ್ನಲ್ಲ!" ಎಂದದ್ದು ನಮಗೂ ಕೇಳಿಸಿತು. ಭಟ್ಟರು ಒಂದೆರಡು ಸಲ ಒಲ್ಲೆ ಎನ್ನುವವರ ಹಾಗೆ ತಲೆಯಾಡಿಸಿದರು. ಆಮೇಲೆ ಅವರ ಬೆನ್ನು ಸ್ವಲ್ಪ ನೆಟ್ಟಗಾಯಿತು.

"ಎಂತ ಮಾಡುವುದು ರಾಯರೇ," ಎಂದರು ಇವರ ಕಡೆ ತಿರುಗಿ. "ಹೆಂಗಸರಿಗೆ ಆಗದಿದ್ದರೆ ನಾವು ಒತ್ತಾಯ ಮಾಡ್ಲಿಕ್ಕೆ ಆಗ್ತದಾ? ಪಾಲು ಬೇಡ ಅಂತ ಹೇಳಿಬಿಡ್ತೇನೆ."

ರಾತ್ರಿ ಇವರು ಎಷ್ಟೋ ದಿನಗಳ ಮೇಲೆ ಹೊಟ್ಟೆತುಂಬ ಉಂಡರು.

"ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯ್ತು ವಿಮಲಾ," ಎಂದರು. "ಆಕೆಗೆ ಊರೇ ಹಿಡಿಸಲಿಲ್ಲ. ಪಾಲು ಇದ್ದಿದ್ದರೂ ಆಕೆ ಇಲ್ಲಿ ನಿಲ್ತಿರಲಿಲ್ಲ. ಮುಖ ನೋಡಿದರೇ ಗೊತ್ತಾಗ್ತದೆ."

ನಾನು ಇನ್ನೊಂದು ಸೌಟು ಮಜ್ಜಿಗೆ ಬಡಿಸಿದೆ.

ಹೊರಡುವ ದಿನ ಸಂಜೆ ಅವಳು ತಾರಸಿಯ ಮೇಲೆ ಒಣಗಿದ ಸೀರೆ ತೆಗೆಯುತ್ತಿದ್ದಳು. ಕೆಳಗೆ ಬೀದಿಯಲ್ಲಿ ಮಲ್ಲಿಗೆ ಮಾರುವವಳ ಕೂಗು. ಗುಣವತಿ ಗೋಡೆಗೆ ಒರಗಿ ಕೊಳವನ್ನೂ ಗೋಪುರವನ್ನೂ ಬಹಳ ಹೊತ್ತು ನೋಡಿದಳು. ಕೆಳಗಿನವಳನ್ನು ತಮಿಳಿನಲ್ಲಿ, ತಪ್ಪಿಲ್ಲದೆ, ಮೊಳಕ್ಕೆ ಎಷ್ಟೆಂದು ಕೇಳಿದಳು. ಕೊಳ್ಳಲಿಲ್ಲ.

"ಊರಲ್ಲಿ ಕೇಳಿದರೆ ಎಂತ ಹೇಳ್ತಿ?" ಎಂದೆ.

"ಗಂಡ ಪಾಲು ತೆಗೊಳ್ಳುವವರಿದ್ದರು, ನಾನೇ ಬೇಡ ಅಂದೆ ಅಂತ. ಅತ್ತೆ ಬೈತಾರೆ. ಬೈಯಲಿ."

"ಭಟ್ರಿಗಾದರೂ ಹೇಳು. ನಿನಗೆ ಗೊತ್ತುಂಟು ಅಂತ."

ಅವಳು ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಎದೆಗೆ ಒತ್ತಿಕೊಂಡಳು. "ಇಷ್ಟು ವರ್ಷದಲ್ಲಿ ಒಟ್ಟು ಎಷ್ಟು ದಿವಸ ನಾನು ಅವರ ಮುಖ ನೋಡಿದ್ದು ವಿಮಲಕ್ಕ? ಇನ್ನು ಎರಡು ವರ್ಷಕ್ಕೆ ಊರಿಗೆ ಬರ್ತಾರೆ. ಆಗ ತಲೆ ತಗ್ಗಿಸಿ ಕೂತರೆ ನನಗೆ ಯಾವ ಮುಖ ಸಿಗ್ತದೆ? ಬೇಡ. ಅವರಿಗೂ ಬೇಡ, ಯಾರಿಗೂ ಬೇಡ. ನಾನು ಹೇಳುವುದಿಲ್ಲ."

ಕೆಳಗೆ ಜಟಕಾ ಬಂದು ನಿಂತ ಸದ್ದಾಯಿತು. ಭಟ್ಟರು ಅವಳ ಗೋಣಿಯನ್ನು ಎತ್ತಿಡುತ್ತಿದ್ದರು. ಗುಣವತಿ ಸೆರಗಿನಿಂದ ಮುಖ ಒರೆಸಿಕೊಂಡಳು. ಮೆಟ್ಟಿಲಿನ ಬಾಗಿಲಿಗೆ ಬಂದು, ಗಂಟಲು ಸರಿಮಾಡಿಕೊಂಡು, ಕೆಳಗಿನವರಿಗೆಲ್ಲ ಕೇಳುವ ಹಾಗೆ ಸೊಳ್ಳೆಗಳನ್ನು ಬೈಯುತ್ತ ಇಳಿದಳು.